ಆ್ಯಪ್‌ನಿಂದ ಡ್ರೈವರ್‌ವರೆಗೆ: ತೂಕದ ಮಷೀನಿನ ಅಂಕಿ ಫೋನಿಗೆ ಬರೋದು ಹೇಗೆ?

ಬ್ಯಾಡಗಿ ಮಾರುಕಟ್ಟೆಯಲ್ಲಿ ಸೋಮವಾರ, ಗುರುವಾರ ಬಂತೆಂದರೆ ಮೆಣಸಿನಕಾಯಿ ವ್ಯಾಪಾರ ಜೋರು. ಸುಗ್ಗಿಯ ದಿನಗಳಲ್ಲಿ ದಲಾಲಿ ಅಂಗಡಿಗಳ ಮುಂದೆ ಕಾಲಿಡೋಕೂ ಜಾಗ ಇರುವುದಿಲ್ಲ. ಹಮಾಲರು ಚೀಲ ಎತ್ತಿ ತೂಕದ ಮಷೀನಿನ ಮೇಲೆ ಇಡುತ್ತಾರೆ. ಕೆಂಪು ಅಂಕಿ ಮೇಲೆ ಕೆಳಗೆ ಓಡಾಡಿ ಒಂದು ಕಡೆ ನಿಲ್ಲುತ್ತದೆ. ಒಬ್ಬರು ಕೂಗಿ ಹೇಳುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಇಂಥ ಮಷೀನುಗಳಲ್ಲಿ ಹಲವಕ್ಕೆ ಬೆನ್ನಿನಲ್ಲಿ 9 ಪಿನ್ನಿನ ಒಂದು ಪೋರ್ಟ್ ಇರುತ್ತದೆ. ತೋರಿಸುತ್ತಿರುವ ಅಂಕಿಯನ್ನೇ ಅದು ಹೊರಗೂ ಕಳಿಸುತ್ತಿರುತ್ತದೆ. ಅದನ್ನು ನೇರ ಫೋನಿಗೆ ತಂದುಕೊಂಡರೆ ಕೂಗೋದು ತಪ್ಪುತ್ತದೆ, 45 ಅಂದದ್ದು 49 ಅಂತ ಕೇಳಿಸೋದೂ ತಪ್ಪುತ್ತದೆ.

ಹುಬ್ಬಳ್ಳಿ-ಧಾರವಾಡದ ಇಂಜಿನಿಯರಿಂಗ್ ಹುಡುಗರು ಇಂಥ ಪ್ರಾಜೆಕ್ಟ್ ಹಿಡಿದಾಗ ಹೆಚ್ಚುಕಡಿಮೆ ಇದೇ ಪ್ರಶ್ನೆ ಬರುತ್ತದೆ: "ಅಲ್ರೀ ಸರ್, ಜಾವಾದಾಗ ಡ್ರೈವರ್ ಮುಟ್ಟಾಕ ಬರಂಗಿಲ್ಲ ಅಂದ್ರ, ಸಿ ಒಳಗ ಬರದು ಆ್ಯಪ್‌ಗೆ ಜೋಡಿಸಿದ್ರ ಆತಲ್ಲ?"

ಆಗುವುದಿಲ್ಲ. ಸಿ ಕೋಡ್ ಜೋಡಿಸೋಕೆ ಧಾರಾಳವಾಗಿ ಬರುತ್ತದೆ. ಆದರೆ ಅದರಿಂದ ಆ್ಯಪ್‌ಗೆ ಹೊಸ ಅಧಿಕಾರ ಒಂದೂ ಸಿಗುವುದಿಲ್ಲ. ನೇಟಿವ್ ಕೋಡ್ (ಸಿ ಥರದ ಭಾಷೆಯಲ್ಲಿ ಬರೆದು ನೇರ ಪ್ರೊಸೆಸರಿಗೇ ಕಂಪೈಲ್ ಮಾಡಿದ ಕೋಡ್) ಕರೆಯೋದು ಒಂದು ವಿಷಯ, ಡ್ರೈವರ್ (ಹಾರ್ಡ್‌ವೇರ್ ಜೊತೆ ಮಾತಾಡುವ ಪ್ರೋಗ್ರಾಂ) ಮುಟ್ಟೋದು ಬೇರೆಯೇ ವಿಷಯ. ಇವೆರಡನ್ನೂ ಒಂದೇ ಅಂದುಕೊಂಡು ವಾರಗಟ್ಟಲೆ ಒದ್ದಾಡುವವರು ಜಾಸ್ತಿ. ಅದಕ್ಕೇ ಎರಡನ್ನೂ ಬಿಡಿಸಿ ನೋಡೋಣ.

ನಡುವೆ ಯಾರ್ಯಾರಿದ್ದಾರೆ

ಆಂಡ್ರಾಯ್ಡ್ ಫೋನಿನ ಬುಡದಲ್ಲಿ ಇರೋದು ಲಿನಕ್ಸ್ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ಕ್ಯಾಮೆರಾ, ಟಚ್ ಸ್ಕ್ರೀನ್, ಬ್ಲೂಟೂತ್ ಚಿಪ್, ಯುಎಸ್‌ಬಿ ಪೋರ್ಟ್ ಇವುಗಳ ಜೊತೆ ಮಾತಾಡುವ ಡ್ರೈವರ್‌ಗಳು ಸಾಮಾನ್ಯವಾಗಿ ಈ ಕರ್ನಲ್ ಒಳಗೇ ಓಡುತ್ತವೆ. ಪ್ರೊಸೆಸರ್ ಕರ್ನಲ್ಲಿಗೊಂದು, ಆ್ಯಪ್‌ಗೊಂದು ದರ್ಜೆ ಇಟ್ಟಿದೆ. ಕರ್ನಲ್ ದರ್ಜೆಯಲ್ಲಿ ಹಾರ್ಡ್‌ವೇರ್ ಪೂರ್ತಿ ಕೈಗೆ ಸಿಗುತ್ತದೆ. ಆ್ಯಪ್ ದರ್ಜೆಯಲ್ಲಿ ತನ್ನ ಪಾಲಿನ ಮೆಮೊರಿ ಬಿಟ್ಟರೆ ಬೇರೇನೂ ಮುಟ್ಟುವ ಹಾಗಿಲ್ಲ. ಏನೇ ಬೇಕಾದರೂ ಸಿಸ್ಟಮ್ ಕಾಲ್ ಮಾಡಿ ಕರ್ನಲ್ಲನ್ನು ಕೇಳಬೇಕು.

ಲಿನಕ್ಸ್‌ನಲ್ಲಿ ಬಹಳಷ್ಟು ಸಾಧನಗಳು ಫೈಲಿನ ರೂಪದಲ್ಲಿ ಕಾಣುತ್ತವೆ. 'ಡೆವ್' ಅನ್ನೋ ಫೋಲ್ಡರಿನಲ್ಲಿ ಅವುಗಳ ಹೆಸರಿರುತ್ತದೆ. ಫೈಲ್ ತೆರೆಯುವಂತೆ 'ಓಪನ್' ಮಾಡಬೇಕು, 'ರೀಡ್' ಮಾಡಬೇಕು, 'ರೈಟ್' ಮಾಡಬೇಕು. ಓದು-ಬರೆ ಅನ್ನೋದರಲ್ಲಿ ಹಿಡಿಸದ ಕೆಲಸಗಳಿಗೆ 'ಐಒಸಿಟಿಎಲ್' ಅಂತ ಇನ್ನೊಂದು ಕಾಲ್ ಇದೆ. ವೇಗ ಬದಲಿಸು, ಈ ಸೆಟ್ಟಿಂಗ್ ಹಾಕು, ಇಂಥವೆಲ್ಲ ಅದರ ಪಾಲಿಗೆ.

ಹಾಗಾದರೆ ಆ್ಯಪ್ ಕೂಡ ಆ ಫೈಲನ್ನು ಓಪನ್ ಮಾಡಬಹುದಲ್ವಾ? ಇಲ್ಲೇ ಆಂಡ್ರಾಯ್ಡ್ ಅಡ್ಡ ಬರುತ್ತದೆ. ಒಂದು ಆ್ಯಪ್ ಇನ್‌ಸ್ಟಾಲ್ ಆದ ಕೂಡಲೇ ಅದಕ್ಕೊಂದು ಲಿನಕ್ಸ್ ಯೂಸರ್ ನಂಬರ್ ಸಿಗುತ್ತದೆ. ಈ ನಂಬರುಗಳು 10000ದಿಂದ ಶುರುವಾಗುತ್ತವೆ. ಸಾಮಾನ್ಯವಾಗಿ ನಿಮ್ಮ ಆ್ಯಪ್ ಒಬ್ಬ ಯೂಸರ್, ಪಕ್ಕದ ಆ್ಯಪ್ ಇನ್ನೊಬ್ಬ ಯೂಸರ್. ಸಾಧನದ ಫೈಲುಗಳು ಬೇರೆ ಯಾರದ್ದೋ ಹೆಸರಿನಲ್ಲಿರುತ್ತವೆ. ಸಾಲದ್ದಕ್ಕೆ ಎಸ್‌ಇಲಿನಕ್ಸ್ ಅನ್ನೋ ಇನ್ನೊಂದು ಕಾವಲು ಇದೆ. ಅದು 2013ರ ಆಂಡ್ರಾಯ್ಡ್ 4.3ರಲ್ಲಿ ಬಂತು, 2014ರ 5.0ರಿಂದ ಪೂರ್ತಿ ಬಿಗಿಯಾಯಿತು. ಫೈಲಿನ ಪರ್ಮಿಷನ್ ಸಡಿಲ ಇದ್ದರೂ, ಎಸ್‌ಇಲಿನಕ್ಸ್ ನಿಯಮದಲ್ಲಿ 'ಸಾಮಾನ್ಯ ಆ್ಯಪ್ ಇದನ್ನು ತೆರೆಯಬಹುದು' ಅಂತ ಬರೆದಿರದಿದ್ದರೆ ಓಪನ್ ಆಗುವುದಿಲ್ಲ. 'ಪರ್ಮಿಷನ್ ಡಿನೈಡ್' ಅಂತ ಉತ್ತರ ಬರುತ್ತದೆ.

ಕ್ಯಾಮೆರಾ ಆ್ಯಪ್ ಫೋಟೋ ತೆಗೆಯುವಾಗ ಏನಾಗುತ್ತದೆ ನೋಡಿ. ಆ್ಯಪ್ ಮೊದಲು ಆಂಡ್ರಾಯ್ಡ್ ಫ್ರೇಮ್‌ವರ್ಕಿಗೆ ಹೇಳುತ್ತದೆ. ಅಲ್ಲಿಂದ ಬೈಂಡರ್ ಅನ್ನೋ ಸಂದೇಶ ವ್ಯವಸ್ಥೆಯ ಮೂಲಕ ಕ್ಯಾಮೆರಾ ಸರ್ವಿಸ್‌ಗೆ ಕೋರಿಕೆ ಹೋಗುತ್ತದೆ. ಅದು ಬೇರೆಯದೇ ಪ್ರೊಸೆಸ್. 'ಈ ಆ್ಯಪ್‌ಗೆ ಕ್ಯಾಮೆರಾ ಅನುಮತಿ ಇದೆಯಾ' ಅಂತ ನೋಡೋದು ಅಲ್ಲಿ. ಅನುಮತಿ ಇದ್ದರೆ ಕೋರಿಕೆ ಎಚ್‌ಎಎಲ್ ಪದರಕ್ಕೆ ಇಳಿಯುತ್ತದೆ. ಅದು ಚಿಪ್ ಅಥವಾ ಫೋನ್ ಕಂಪನಿ ಬರೆದ ಕೋಡ್. ಡ್ರೈವರ್ ಜೊತೆ ಮಾತಾಡುವುದು ಅದು. 2017ರಲ್ಲಿ ಆಂಡ್ರಾಯ್ಡ್ 8.0 ಜೊತೆ ಬಂದ ಪ್ರಾಜೆಕ್ಟ್ ಟ್ರೆಬಲ್ ಈ ಕಂಪನಿಯ ಪದರವನ್ನು ಆಂಡ್ರಾಯ್ಡಿನ ಪದರದಿಂದ ಖಚಿತವಾಗಿ ಬೇರೆ ಮಾಡಿತು. ಇಷ್ಟೆಲ್ಲದರಲ್ಲಿ ನಿಮ್ಮ ಆ್ಯಪ್ ಡ್ರೈವರಿನ ಮುಖವನ್ನೇ ನೋಡುವುದಿಲ್ಲ.

ಈಗ ಸಿ ಕೋಡಿನ ಮಾತು. ನೀವು ಸಿ ಅಥವಾ ಸಿ++ನಲ್ಲಿ ಬರೆದ ಲೈಬ್ರರಿ ನಿಮ್ಮ ಆ್ಯಪ್‌ನ ಪ್ರೊಸೆಸ್ಸಿನಲ್ಲೇ ಲೋಡ್ ಆಗುತ್ತದೆ. ಅದೇ ಯೂಸರ್ ನಂಬರ್, ಅದೇ ಎಸ್‌ಇಲಿನಕ್ಸ್ ನಿಯಮ. ತಹಶೀಲ್ದಾರ್ ಕಚೇರಿಯ ಕಿಟಕಿಯಲ್ಲಿ ಪಹಣಿ ಕೇಳುವವರು ಕನ್ನಡ ಬಿಟ್ಟು ಇಂಗ್ಲಿಷಿನಲ್ಲಿ ಕೇಳಿದರೆ ರೆಕಾರ್ಡ್ ರೂಮಿನ ಬಾಗಿಲೇನೂ ತೆರೆಯುವುದಿಲ್ಲ. ಭಾಷೆ ಬದಲಾಯಿತು, ನಿಂತಿರುವ ಜಾಗ ಅದೇ. ಜಾವಾದಿಂದ ಓಪನ್ ಆಗದ ಫೈಲು ಸಿಯಿಂದಲೂ ಓಪನ್ ಆಗುವುದಿಲ್ಲ.

ಮತ್ತೆ ನೇಟಿವ್ ಕೋಡ್ ಯಾಕೆ ಬೇಕು

ಉಪಯೋಗ ಇದೆ, ಸರಿಯಾದ ಕಡೆ. ಫೋಟೋದ ಲಕ್ಷಾಂತರ ಪಿಕ್ಸೆಲ್ ಮೇಲೆ ಲೆಕ್ಕ ಮಾಡೋದು, ತಡವಿಲ್ಲದೆ ಆಡಿಯೋ ನುಡಿಸೋದು, ಇಂಟರ್ನೆಟ್ ಇಲ್ಲದೆಯೇ ಕನ್ನಡ ಮಾತು ಗುರುತಿಸುವ ಮಾಡೆಲ್ ಓಡಿಸೋದು, ಇವಕ್ಕೆಲ್ಲ ಬೇಕು. ಇನ್ನೊಂದು ಕಾರಣ, ಕೋಡ್ ಆಗಲೇ ಸಿಯಲ್ಲಿ ಇರೋದು. ಹತ್ತು ವರ್ಷ ಕಂಪ್ಯೂಟರಿನಲ್ಲಿ ಓಡಿ ಪಳಗಿದ ಲೈಬ್ರರಿಯನ್ನು ಕೋಟ್ಲಿನ್‌ನಲ್ಲಿ (ಜಾವಾ ಥರ ಆಂಡ್ರಾಯ್ಡ್ ಆ್ಯಪ್ ಬರೆಯೋ ಭಾಷೆ) ಮತ್ತೆ ಯಾಕೆ ಬರೆಯಬೇಕು? ಹಾರ್ಡ್‌ವೇರ್ ಕಂಪನಿಗಳು ಮೂಲ ಕೋಡ್ ಕೊಡದೆ ಬರೀ ಕಂಪೈಲ್ ಆದ ಲೈಬ್ರರಿ ಕೊಡುವುದೂ ಉಂಟು. ಆಗ ಬೇರೆ ದಾರಿಯೇ ಇಲ್ಲ.

ಇದಕ್ಕೆಂದೇ ಗೂಗಲ್ 2009ರಲ್ಲಿ ಎನ್‌ಡಿಕೆ ಅನ್ನೋ ಟೂಲ್ ಕಿಟ್ ಬಿಟ್ಟಿತು. ಜಾವಾ ಮತ್ತು ಸಿ ನಡುವಿನ ಒಪ್ಪಂದದ ಹೆಸರು ಜೆಎನ್‌ಐ. ಅದು ಆಂಡ್ರಾಯ್ಡಿಗಿಂತ ಹಳೆಯದು, ಜಾವಾದ್ದೇ ಒಂದು ಭಾಗ. ಕೆಲಸ ನಡೆಯೋದು ಹೀಗೆ. ಕೋಟ್ಲಿನ್‌ನಲ್ಲಿ ಒಂದು ಫಂಕ್ಷನ್‌ಗೆ 'ಎಕ್ಸ್‌ಟರ್ನಲ್' ಅಂತ ಬರೆದು ಒಡಲು ಖಾಲಿ ಬಿಡುತ್ತೀರಿ. ಜಾವಾದಲ್ಲಾದರೆ ಆ ಪದ 'ನೇಟಿವ್'. ಆ್ಯಪ್ ಶುರುವಾದಾಗ 'ಲೋಡ್‌ಲೈಬ್ರರಿ' ಕರೆದು ಎಸ್‌ಒ ಫೈಲನ್ನು, ಅಂದರೆ ಕಂಪೈಲ್ ಆದ ಸಿ ಲೈಬ್ರರಿಯನ್ನು, ಮೆಮೊರಿಗೆ ತರುತ್ತೀರಿ. ಆ ಫೈಲಿನಲ್ಲಿ 'ಜಾವಾ' ಅಂತ ಶುರುವಾಗಿ, ಪ್ಯಾಕೇಜ್ ಹೆಸರು, ಕ್ಲಾಸ್ ಹೆಸರು, ಮೆಥಡ್ ಹೆಸರು ಇಷ್ಟನ್ನೂ ಅಂಡರ್‌ಸ್ಕೋರಿನಿಂದ ಜೋಡಿಸಿದ ಉದ್ದನೆಯ ಹೆಸರಿನ ಫಂಕ್ಷನ್ ಇರಬೇಕು. ಒಂದಕ್ಷರ ಹೆಚ್ಚುಕಡಿಮೆಯಾದರೂ 'ಅನ್‌ಸ್ಯಾಟಿಸ್‌ಫೈಡ್ ಲಿಂಕ್ ಎರರ್' ಬಂದು ಆ್ಯಪ್ ಕೂರುತ್ತದೆ.

ಇದೇ ಎರರ್ ಇನ್ನೊಂದು ಕಾರಣಕ್ಕೂ ಬರುತ್ತದೆ, ಅದು ಜಾಸ್ತಿ ಸಾಮಾನ್ಯ. ಎಸ್‌ಒ ಫೈಲು ಒಂದೊಂದು ಜಾತಿಯ ಪ್ರೊಸೆಸರಿಗೆ ಒಂದೊಂದು ಬೇಕು. ಲ್ಯಾಪ್‌ಟಾಪಿನ ಎಮ್ಯುಲೇಟರ್ ಬಹಳ ಸಲ ಎಕ್ಸ್86 ಜಾತಿ, ಕೈಯಲ್ಲಿರುವ ಫೋನು ಆರ್ಮ್ ಜಾತಿ. ಎಮ್ಯುಲೇಟರಿನಲ್ಲಿ ಚೆನ್ನಾಗಿ ಓಡಿದ ಆ್ಯಪ್ ಫೋನಿಗೆ ಹಾಕಿದ ಕೂಡಲೇ ಬೀಳೋದು ಇದಕ್ಕೇ. ಪ್ಲೇ ಸ್ಟೋರಿಗೆ ಹಾಕುವುದಾದರೆ 2019ರ ಆಗಸ್ಟ್‌ನಿಂದ 64 ಬಿಟ್ ಫೈಲ್ ಕಡ್ಡಾಯ. 2025ರ ನವೆಂಬರ್‌ನಿಂದ, ಆಂಡ್ರಾಯ್ಡ್ 15 ಮತ್ತು ಮೇಲಿನದಕ್ಕೆ ಮಾಡಿದ ಆ್ಯಪ್‌ಗಳ ನೇಟಿವ್ ಲೈಬ್ರರಿಗಳು 16 ಕೆಬಿ ಮೆಮೊರಿ ಪುಟಕ್ಕೂ (ಕರ್ನಲ್ ಮೆಮೊರಿ ಹಂಚುವ ತುಂಡಿನ ಅಳತೆ) ಹೊಂದಬೇಕು. ಕಂಪನಿ ಎಂದೋ ಕೊಟ್ಟ ಹಳೆಯ ಎಸ್‌ಒ ಫೈಲು ನೆಚ್ಚಿಕೊಂಡವರಿಗೆ ಇದು ದೊಡ್ಡ ತಲೆನೋವು. ಮೂಲ ಕೋಡ್ ಇಲ್ಲದೆ ನೀವೇ ಅದನ್ನು ಮತ್ತೆ ಕಂಪೈಲ್ ಮಾಡೋಕಾಗಲ್ಲ.

ಜೆಎನ್‌ಐ ಗಡಿ ದಾಟುವಾಗ ಡೇಟಾದ ಬಗ್ಗೆ ಎಚ್ಚರ ಬೇಕು. ಜಾವಾದ ವಸ್ತುಗಳನ್ನು ಗಾರ್ಬೇಜ್ ಕಲೆಕ್ಟರ್ (ಬೇಡವಾದ ಮೆಮೊರಿ ತೆರವು ಮಾಡುವ ಭಾಗ) ಮೆಮೊರಿಯಲ್ಲಿ ಅತ್ತಿತ್ತ ಸರಿಸಬಹುದು. ಹಾಗಾಗಿ ಸಿ ಕೋಡಿಗೆ ಅವುಗಳ ನಿಜವಾದ ವಿಳಾಸ ಕೊಡುವುದಿಲ್ಲ, ಒಂದು ರೆಫರೆನ್ಸ್ ಕೊಡುತ್ತಾರೆ. ಬೈಟ್ ಅರೇ ಬೇಕಾದರೆ 'ಗೆಟ್' ಮಾಡಿ ಪಡೆಯಬೇಕು, ಮುಗಿದ ಮೇಲೆ 'ರಿಲೀಸ್' ಮಾಡಿ ಬಿಡಬೇಕು. ಬಿಡದಿದ್ದರೆ ಮೆಮೊರಿ ಸೋರುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ಆ್ಯಪ್ ಮಧ್ಯಾಹ್ನದ ಹೊತ್ತಿಗೆ ಸುಮ್ನೆ ಮುಚ್ಚಿಕೊಂಡರೆ ಮೊದಲು ಇಲ್ಲಿ ಹುಡುಕಿ.

ಸ್ಟ್ರಿಂಗ್ ವಿಷಯಕ್ಕೆ ಬಂದರೆ ನಮ್ಮ ಲಿಪಿಯೂ ಲೆಕ್ಕಕ್ಕೆ ಬರುತ್ತದೆ. ಅಕ್ಷರಗಳನ್ನು ಬೈಟಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಕೋಡ್ ಪಾಯಿಂಟಿಗೆ (ಯೂನಿಕೋಡ್ ನಂಬರ್ ಇರುವ ಬಿಡಿ ಚಿಹ್ನೆಗೆ) 3 ಬೈಟ್. 'ಬ್ಯಾಡಗಿ' ಕಣ್ಣಿಗೆ ಮೂರೇ ಅಕ್ಷರ. ಒಳಗೆ ಬ, ವಿರಾಮ, ಯ, ಆಕಾರ, ಡ, ಗ, ಗುಣಿಸು ಅಂತ 7 ಕೋಡ್ ಪಾಯಿಂಟು, ಅಂದರೆ 21 ಬೈಟು. ಊರಿನ ಹೆಸರಿಗೆ 20 ಬೈಟು ಸಾಕು ಅಂತ ಸಿಯಲ್ಲಿ ಜಾಗ ಇಟ್ಟರೆ ಹೆಸರು ಪಕ್ಕದ ಮೆಮೊರಿಯ ಮೇಲೆ ಚೆಲ್ಲುತ್ತದೆ. ಸ್ಟ್ರಿಂಗ್ ಕೊನೆಗೆ ಸಿ ಇಡುವ ಸೊನ್ನೆಯನ್ನೂ ಸೇರಿಸಿದರೆ 22 ಬೇಕು. ಇಂಗ್ಲಿಷ್ ಹೆಸರು ಹಾಕಿ ಟೆಸ್ಟ್ ಮಾಡಿದವರಿಗೆ ಇದು ಗೊತ್ತೇ ಆಗುವುದಿಲ್ಲ.

ಮೆಮೊರಿ ಹೀಗೆ ಕೆಟ್ಟಾಗ ಆಗುವ ಅನಾಹುತ ಜಾವಾದ ಎಕ್ಸೆಪ್ಷನ್ ಥರದ್ದಲ್ಲ. 'ಸಿಗ್ನಲ್ 11' ಅಂತ ಲಾಗಿನಲ್ಲಿ ಒಂದು ಸಾಲು ಬಿದ್ದು ಇಡೀ ಪ್ರೊಸೆಸ್ ಸಾಯುತ್ತದೆ. ಟ್ರೈ-ಕ್ಯಾಚ್ ಹಾಕಿದ್ದರೂ ಅದು ಹಿಡಿಯುವುದಿಲ್ಲ.

ಥ್ರೆಡ್ (ಒಂದೇ ಪ್ರೊಸೆಸ್ಸಿನಲ್ಲಿ ಜೊತೆಜೊತೆಗೆ ಓಡುವ ಕೆಲಸದ ಎಳೆ) ಬಗ್ಗೆಯೂ ಒಂದು ಮಾತು. ಸಿ ಫಂಕ್ಷನ್‌ಗೆ ಮೊದಲ ಆರ್ಗ್ಯುಮೆಂಟ್ ಆಗಿ ಬರುವ ಎನ್‌ವಿ ಪಾಯಿಂಟರ್, ಅಂದರೆ ಜಾವಾವನ್ನು ಕರೆಯೋಕೆ ಕೊಡುವ ಹಿಡಿಕೆ, ಆ ಥ್ರೆಡ್ಡಿಗೆ ಮಾತ್ರ ಸೇರಿದ್ದು. ಅದನ್ನು ಎತ್ತಿಟ್ಟುಕೊಂಡು ಬೇರೆ ಥ್ರೆಡ್ಡಿನಲ್ಲಿ ಬಳಸುವ ಹಾಗಿಲ್ಲ. ಸಿಯಲ್ಲೇ ಹುಟ್ಟಿಸಿದ ಥ್ರೆಡ್ ಜಾವಾವನ್ನು ಕರೆಯಬೇಕಾದರೆ ಮೊದಲು 'ಅಟ್ಯಾಚ್' ಆಗಬೇಕು. ಅಟ್ಯಾಚ್ ಆದ ಮೇಲೂ ಅಲ್ಲಿಂದ ನಿಮ್ಮ ಕ್ಲಾಸನ್ನು ಹೆಸರಿನಿಂದ ಹುಡುಕಿದರೆ ಸಿಗುವುದಿಲ್ಲ, ಸಿಸ್ಟಮ್ ಕ್ಲಾಸುಗಳು ಮಾತ್ರ ಸಿಗುತ್ತವೆ. ಲೈಬ್ರರಿ ಲೋಡ್ ಆಗುವಾಗಲೇ ಬೇಕಾದ ಕ್ಲಾಸುಗಳನ್ನು ಹಿಡಿದಿಟ್ಟುಕೊಳ್ಳೋದು ವಾಡಿಕೆ. ರಿಲೀಸ್ ಬಿಲ್ಡ್‌ನಲ್ಲಿ ಆರ್8 ಅನ್ನೋ ಟೂಲ್ ಕ್ಲಾಸುಗಳ ಹೆಸರು ಮೊಟಕು ಮಾಡುತ್ತದೆ, ಆಗಲೂ ಹೆಸರಿನಿಂದ ಹುಡುಕೋ ಸಿ ಕೋಡು ಕೈ ಕೊಡುತ್ತದೆ. ಸಿಯಿಂದ ಕರೆಯೋ ಕ್ಲಾಸುಗಳ ಹೆಸರು ಮುಟ್ಟಬೇಡ ಅಂತ ಅದಕ್ಕೆ ಮೊದಲೇ ಬರೆದು ಕೊಡಬೇಕು.

ಈಗ ತೂಕದ ಮಷೀನು

ಆ 9 ಪಿನ್ನಿನ ಪೋರ್ಟ್ ಆರ್‌ಎಸ್-232 ಸೀರಿಯಲ್. ಫೋನಿನಲ್ಲಿ ಅಂಥ ಪೋರ್ಟ್ ಇಲ್ಲ. ನಡುವೆ ಯುಎಸ್‌ಬಿಗೆ ಬದಲಿಸುವ ಕೇಬಲ್ ಬೇಕು, ಜೊತೆಗೆ ಅದನ್ನು ಫೋನಿಗೆ ಸಿಕ್ಕಿಸುವ ಓಟಿಜಿ ಅಡಾಪ್ಟರ್. ಕೇಬಲ್ ಕೊಳ್ಳುವಾಗ 9 ಪಿನ್ ಇರುವ ಆರ್‌ಎಸ್-232 ಕೇಬಲ್ಲನ್ನೇ ಕೊಳ್ಳಿ. ಪ್ರಾಜೆಕ್ಟ್ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುವ ಚಿಕ್ಕ ಟಿಟಿಎಲ್ ಮಾಡ್ಯೂಲ್ ಅಗ್ಗ ಅಂತ ತಂದು ನೇರ ಜೋಡಿಸಿದರೆ ಅದು ಸುಡಬಹುದು. ಆರ್‌ಎಸ್-232ರಲ್ಲಿ ವೋಲ್ಟೇಜ್ ಪ್ಲಸ್ ಮೈನಸ್ 15ರವರೆಗೂ ಹೋಗಬಹುದು, ಟಿಟಿಎಲ್ ತಡೆಯೋದು 5 ಅಥವಾ 3.3 ವೋಲ್ಟು.

ಕೇಬಲ್ಲಿನ ಒಳಗೊಂದು ಚಿಪ್ ಇರುತ್ತದೆ: ಸಿಎಚ್340, ಎಫ್‌ಟಿಡಿಐ, ಸಿಪಿ2102, ಪಿಎಲ್2303 ಇಂಥವು. ಲ್ಯಾಪ್‌ಟಾಪಿನ ಲಿನಕ್ಸ್‌ಗೆ ಜೋಡಿಸಿದರೆ ಕರ್ನಲ್ ಅದಕ್ಕೆ ತಕ್ಕ ಡ್ರೈವರ್ ಹಾಕಿ ಡೆವ್ ಫೋಲ್ಡರಿನಲ್ಲಿ ಒಂದು ಸೀರಿಯಲ್ ಫೈಲ್ ಹುಟ್ಟಿಸುತ್ತದೆ. ಫೋನಿನ ಕರ್ನಲ್ಲಿನಲ್ಲಿ ಆ ಡ್ರೈವರ್ ಇರಬಹುದು, ಇಲ್ಲದಿರಬಹುದು. ಇದ್ದು ಫೈಲ್ ಹುಟ್ಟಿದರೂ ಆ್ಯಪ್‌ಗೆ ಅದನ್ನು ತೆರೆಯೋ ಹಕ್ಕಿಲ್ಲ.

ದಾರಿ ಬೇರೆ ಇದೆ, ಅದು ಸ್ವಾರಸ್ಯವಾಗಿದೆ. ಆಂಡ್ರಾಯ್ಡ್ 3.1ರಿಂದ ಯುಎಸ್‌ಬಿ ಹೋಸ್ಟ್ ಎಪಿಐ, ಅಂದರೆ ಯುಎಸ್‌ಬಿ ಸಾಧನ ಬಳಸೋಕೆ ಆ್ಯಪ್‌ಗಳಿಗೆ ಸಿಸ್ಟಮ್ ಕೊಟ್ಟಿರುವ ದಾರಿ, ಇದೆ. ಆ್ಯಪ್ ಯುಎಸ್‌ಬಿ ಮ್ಯಾನೇಜರನ್ನು 'ಈ ಸಾಧನ ಬೇಕು' ಅಂತ ಕೇಳುತ್ತದೆ. ಪರದೆಯ ಮೇಲೆ 'ಅನುಮತಿ ಕೊಡಬೇಕಾ' ಅಂತ ಡಬ್ಬಿ ಬರುತ್ತದೆ. ಬಳಸುವವರು ಓಕೆ ಒತ್ತಿದ ಮೇಲೆ ಸಿಸ್ಟಮ್ ಸರ್ವರ್, ಅಂದರೆ ಹೆಚ್ಚು ಅಧಿಕಾರ ಇರುವ ಪ್ರೊಸೆಸ್, ಆ ಯುಎಸ್‌ಬಿ ಸಾಧನದ ಫೈಲನ್ನು ತಾನು ಓಪನ್ ಮಾಡುತ್ತದೆ. ಓಪನ್ ಆದ ಫೈಲಿನ ಡಿಸ್ಕ್ರಿಪ್ಟರನ್ನು (ತೆರೆದ ಫೈಲನ್ನು ಗುರುತಿಸುವ ನಂಬರ್) ಬೈಂಡರ್ ಮೂಲಕ ನಿಮ್ಮ ಆ್ಯಪ್‌ನ ಕೈಗೆ ದಾಟಿಸುತ್ತದೆ. ಫೈಲಿನ ಹಕ್ಕಿನ ಪರೀಕ್ಷೆ ನಡೆಯೋದು ಓಪನ್ ಮಾಡುವಾಗ. ಎಸ್‌ಇಲಿನಕ್ಸ್ ನಿಯಮವೂ ಹೀಗೆ ದಾಟಿ ಬಂದ ಡಿಸ್ಕ್ರಿಪ್ಟರನ್ನು ಬಳಸೋಕೆ ಬಿಡುತ್ತದೆ. ಹಾಗಾಗಿ ನೀವು ನೇರವಾಗಿ ಐಒಸಿಟಿಎಲ್ ಕೂಡ ಮಾಡಬಹುದು. ನೀವು ಕರೆಯುವ ಜಾವಾದ 'ಬಲ್ಕ್ ಟ್ರಾನ್ಸ್‌ಫರ್' ಮಾಡೋದೂ ಅದನ್ನೇ: ಆಂಡ್ರಾಯ್ಡಿನದೇ ಜೆಎನ್‌ಐ ದಾಟಿ, ಸಿ ಕೋಡಿಗೆ ಇಳಿದು, ಆ ಡಿಸ್ಕ್ರಿಪ್ಟರ್ ಮೇಲೆ ಐಒಸಿಟಿಎಲ್.

ಅಂದರೆ ಕರ್ನಲ್ ಇಲ್ಲಿ ಬರೀ ಯುಎಸ್‌ಬಿ ಪ್ಯಾಕೆಟ್ ಸಾಗಿಸುತ್ತದೆ. ಸಿಎಚ್340ಗೆ 9600 ವೇಗ (ಸೆಕೆಂಡಿಗೆ 9600 ಬಿಟ್) ಹೇಗೆ ಹೇಳಬೇಕು ಅನ್ನೋ ಡ್ರೈವರಿನ ಬುದ್ಧಿ ನಿಮ್ಮ ಆ್ಯಪ್‌ನಲ್ಲೇ ಇರಬೇಕು. ಡ್ರೈವರನ್ನು ಕರೆಯೋಕೆ ಹೋದವರು ಡ್ರೈವರನ್ನೇ ಆ್ಯಪ್ ಒಳಗೆ ಇಟ್ಟುಕೊಂಡ ಹಾಗಾಯಿತು. ಹೆದರಬೇಡಿ, ಅದನ್ನು ಬರೆದಿಟ್ಟವರು ಇದ್ದಾರೆ. 'ಯುಎಸ್‌ಬಿ ಸೀರಿಯಲ್ ಫಾರ್ ಆಂಡ್ರಾಯ್ಡ್' ಅನ್ನೋ ಮುಕ್ತ ಲೈಬ್ರರಿ ಮೇಲೆ ಹೇಳಿದ ನಾಲ್ಕೂ ಬಗೆಯ ಚಿಪ್‌ಗಳಿಗೆ ಆಗುತ್ತದೆ. ಅದು ಬರೆದಿರೋದು ಜಾವಾದಲ್ಲಿ, ನೀವು ಒಂದು ಸಾಲೂ ಸಿ ಬರೆಯಬೇಕಿಲ್ಲ. ಸಿಯಲ್ಲಿರುವ ಲಿಬ್‌ಯುಎಸ್‌ಬಿಯೇ ಬೇಕು ಅಂದರೆ ಅದೇ ಡಿಸ್ಕ್ರಿಪ್ಟರನ್ನು ಜೆಎನ್‌ಐ ಮೂಲಕ ದಾಟಿಸಿ ಅದಕ್ಕೆ ಕೊಡಬಹುದು. 1.0.23 ಆವೃತ್ತಿಯಿಂದ ಅದಕ್ಕೆಂದೇ ಒಂದು ಫಂಕ್ಷನ್ ಇದೆ.

ವೇಗಕ್ಕೆ ಸಿ ಬೇಕು ಅನ್ನುವವರು ಒಂದು ಲೆಕ್ಕ ಮಾಡಲಿ. 9600 ವೇಗದಲ್ಲಿ ಒಂದಕ್ಷರಕ್ಕೆ ಸ್ಟಾರ್ಟ್, ಸ್ಟಾಪ್ ಸೇರಿ 10 ಬಿಟ್. ಸೆಕೆಂಡಿಗೆ 960 ಅಕ್ಷರ. ಇಷ್ಟಕ್ಕೆ ಜಾವಾ ಆಕಳಿಸುತ್ತಾ ಕೂತಿರುತ್ತದೆ.

ಕಷ್ಟ ಇರೋದು ವೇಗದಲ್ಲಲ್ಲ, ತುಂಡುಗಳಲ್ಲಿ. ಹಲವು ತೂಕದ ಮಷೀನುಗಳು ಸಾಲು ಕಳಿಸುವ ರೀತಿ ಹೀಗಿರುತ್ತದೆ: ಮೊದಲು 'ಎಸ್‌ಟಿ' ಅನ್ನೋ ಎರಡಕ್ಷರ, ಕಾಮಾ, ಒಟ್ಟು ತೂಕ ಅನ್ನೋ 'ಜಿಎಸ್', ಕಾಮಾ, ಪ್ಲಸ್ ಗುರುತು, 0042.35, ಆಮೇಲೆ 'ಕೆಜಿ', ಕೊನೆಗೆ ಸಾಲು ಮುಗಿಯಿತು ಅನ್ನೋ ಎರಡು ಬೈಟು. ಇಂಗ್ಲಿಷ್ ಅಕ್ಷರಗಳಲ್ಲಿ ಎಣಿಸಿದರೆ ಒಟ್ಟು 18 ಬೈಟು. 960ರ ವೇಗದಲ್ಲಿ ಇದು ಬರೋಕೆ ಸುಮಾರು 19 ಮಿಲಿಸೆಕೆಂಡು ಬೇಕು. ಈಗ ಎಫ್‌ಟಿಡಿಐ ಚಿಪ್ ನೋಡಿ. ಅದು ಮಾಮೂಲಾಗಿ 16 ಮಿಲಿಸೆಕೆಂಡಿಗೊಮ್ಮೆ ತನ್ನಲ್ಲಿ ಕೂಡಿದ್ದನ್ನು ಫೋನಿಗೆ ತಳ್ಳುತ್ತದೆ. 16 ಮಿಲಿಸೆಕೆಂಡಿಗೆ ಬರೋದು 15 ಅಕ್ಷರ. ಅಂದರೆ ಸಾಲು ಎಲ್ಲಾದರೂ ಒಂದು ಕಡೆ ತುಂಡಾಗಲೇಬೇಕು. ಒಂದು ಸಲ 0042ರವರೆಗೆ ಬರುತ್ತದೆ, ಮುಂದಿನ ಸಲ .35 ಮತ್ತು ಉಳಿದದ್ದು. ಬಂದ ತುಂಡನ್ನೇ ಸಾಲು ಅಂದುಕೊಂಡ ಆ್ಯಪ್ 42 ಕೆಜಿ ಅಂತ ಬರೆದುಕೊಳ್ಳುತ್ತದೆ. ರೈತರ 350 ಗ್ರಾಂ ಮೆಣಸಿನಕಾಯಿ ಹೋಯಿತು. 00 ಒಂದು ತುಂಡಿನಲ್ಲಿ, 42.35 ಇನ್ನೊಂದರಲ್ಲಿ ಬಂದರೆ ಪುಣ್ಯಕ್ಕೆ ಸರಿಯಾಗುತ್ತದೆ. 004 ಮತ್ತು 2.35 ಅಂತ ಒಡೆದರೆ 40 ಕೆಜಿಯೇ ಮಾಯ.

ಪರಿಹಾರ ಸುಲಭ. ಬಂದ ಬೈಟುಗಳನ್ನೆಲ್ಲ ಒಂದು ಬಫರಿನಲ್ಲಿ ಸೇರಿಸುತ್ತಾ ಹೋಗಿ, ಸಾಲು ಮುಗಿದ ಗುರುತು ಸಿಕ್ಕಾಗ ಮಾತ್ರ ಒಂದು ಸಾಲು ಕತ್ತರಿಸಿ ಓದಿ. ಆ್ಯಪ್ ಜೋಡಿಸಿದ ಕ್ಷಣಕ್ಕೆ ಮಷೀನು ಸಾಲಿನ ನಡುವೆ ಇರಬಹುದು, ಅದಕ್ಕೆ ಮೊದಲ ಸಾಲನ್ನು ಎಸೆದುಬಿಡಿ. ಇನ್ನೊಂದು: ಎಫ್‌ಟಿಡಿಐ ಪ್ರತಿ ಯುಎಸ್‌ಬಿ ಪ್ಯಾಕೆಟ್ಟಿನ ತಲೆಗೆ 2 ಬೈಟು ತನ್ನ ಸ್ಥಿತಿಯ ಮಾಹಿತಿ ಅಂಟಿಸಿ ಕಳಿಸುತ್ತದೆ. ಲೈಬ್ರರಿ ಬಳಸದೆ ಸ್ವಂತ ಓದುವವರಿಗೆ ನಡುನಡುವೆ ವಿಚಿತ್ರ ಅಕ್ಷರ ಕಾಣೋದು ಇದರಿಂದ.

'ಎಸ್‌ಟಿ' ಅಂದರೆ ತೂಕ ನಿಂತಿದೆ ಅಂತ. ಚೀಲ ಇನ್ನೂ ಅಲ್ಲಾಡುತ್ತಿದ್ದರೆ ಅದೇ ಜಾಗದಲ್ಲಿ 'ಯುಎಸ್' ಬರುತ್ತದೆ. ನಿಂತ ತೂಕವನ್ನು ಮಾತ್ರ ತೆಗೆದುಕೊಳ್ಳಬೇಕು. ನಿಂತ ಮೇಲೂ ಮಷೀನು ಅದೇ ಸಾಲನ್ನು ಸೆಕೆಂಡಿಗೆ ಹಲವು ಸಲ ಕಳಿಸುತ್ತದೆ, ಒಂದೇ ಚೀಲ ಹತ್ತು ಸಲ ದಾಖಲಾಗಬಾರದಲ್ವಾ? ತೂಕ ಸೊನ್ನೆಗೆ ಇಳಿದ ಮೇಲೆಯೇ ಮುಂದಿನದು ಹೊಸ ಚೀಲ ಅಂತ ನಿಯಮ ಇಟ್ಟರೆ ಸಾಕು. ನನ್ನ ಪ್ರಕಾರ ಈ ಪ್ರಾಜೆಕ್ಟಿನ ನಿಜವಾದ ಕೆಲಸ ಇಷ್ಟೇ, ಜೆಎನ್‌ಐ ಇದರಲ್ಲಿ ಎಲ್ಲೂ ಬರುವುದಿಲ್ಲ.

ಅನುಮತಿ ಪದೇಪದೇ ಕೇಳದಿರಲು ಆ್ಯಪ್‌ನ ವಿವರ ಇರುವ ಮ್ಯಾನಿಫೆಸ್ಟ್ ಫೈಲಿನಲ್ಲಿ, ಯಾವ ಸಾಧನ ಬೇಕು ಅನ್ನೋ ಫಿಲ್ಟರ್ ಬರೆಯಬಹುದು. ಸಿಎಚ್340ರ ತಯಾರಕರ ನಂಬರ್ 6790, ಸಾಮಾನ್ಯವಾಗಿ ಕಾಣುವ ಸಾಧನದ ನಂಬರ್ 29987. ಬೇರೆ ಕಡೆ ಇವನ್ನು ಹೆಕ್ಸಾಡೆಸಿಮಲ್‌ನಲ್ಲಿ ಬರೆದಿರುತ್ತಾರೆ, ಕೇಬಲ್ಲಿನ ಜೊತೆ ಬಂದ ಚೀಟಿ ನೋಡಿ ಗೊಂದಲ ಬೇಡ. ಆಂಡ್ರಾಯ್ಡ್ 12ರಿಂದೀಚೆಗೆ ಅನುಮತಿ ಕೇಳುವಾಗ ಉತ್ತರಕ್ಕೆಂದು ಕೊಡುವ ಪೆಂಡಿಂಗ್ ಇಂಟೆಂಟ್ 'ಮ್ಯೂಟಬಲ್' (ಸಿಸ್ಟಮ್ ಉತ್ತರ ತುಂಬಬಹುದಾದದ್ದು) ಇರಬೇಕು, ಇಲ್ಲದಿದ್ದರೆ ಅನುಮತಿ ಸಿಕ್ಕಿತೋ ಇಲ್ಲವೋ ಅನ್ನೋ ಉತ್ತರ ಖಾಲಿ ಬರುತ್ತದೆ.

ಬ್ಲೂಟೂತ್ ಇರುವ ಮಷೀನಾದರೆ ಚಿಪ್‌ಗಳ ಈ ತಾಪತ್ರಯವೇ ಇಲ್ಲ. ಸೀರಿಯಲ್ ಪೋರ್ಟ್ ಪ್ರೊಫೈಲ್ ಅಂತ ಒಂದಿದೆ, ಆ್ಯಪ್‌ಗೆ ಒಂದು ಸಾಕೆಟ್ ಸಿಗುತ್ತದೆ, ಬೈಟು ಓದುತ್ತಾ ಹೋಗೋದು. ತುಂಡುಗಳ ಕಥೆ ಮಾತ್ರ ಅಲ್ಲೂ ಅದೇ. ದಿನವಿಡೀ ಓಟಿಜಿ ಹಾಕಿಟ್ಟರೆ ಫೋನಿನ ಬ್ಯಾಟರಿಯೇ ಕೇಬಲ್ಲಿಗೆ ಕರೆಂಟ್ ಕೊಡಬೇಕು, ಆ ಲೆಕ್ಕದಲ್ಲೂ ಬ್ಲೂಟೂತ್ ಮೇಲು.

ಬೇರೆಯವರ ಡ್ರೈವರ್

ಹಳ್ಳಿಗಳಲ್ಲಿ ಹೆಬ್ಬೆಟ್ಟು ಒತ್ತಿ ದುಡ್ಡು ತೆಗೆಯುವುದನ್ನು ನೋಡಿರುತ್ತೀರಿ. ಬ್ಯಾಂಕ್ ಮಿತ್ರರ ಫೋನಿಗೆ ಫಿಂಗರ್‌ಪ್ರಿಂಟ್ ಸ್ಕ್ಯಾನರ್ ಜೋಡಿಸಿರುತ್ತದೆ. ಅಲ್ಲಿ ಬ್ಯಾಂಕಿನ ಆ್ಯಪ್ ಸ್ಕ್ಯಾನರನ್ನು ಮುಟ್ಟುವುದೇ ಇಲ್ಲ. ಸ್ಕ್ಯಾನರ್ ಕಂಪನಿಯ ಆರ್‌ಡಿ ಸರ್ವಿಸ್ ಅನ್ನೋ ಬೇರೆ ಆ್ಯಪ್ ಇರುತ್ತದೆ. ಬ್ಯಾಂಕಿನ ಆ್ಯಪ್ ಅದಕ್ಕೊಂದು ಇಂಟೆಂಟ್, ಅಂದರೆ ಕೋರಿಕೆಯ ಸಂದೇಶ, ಕಳಿಸುತ್ತದೆ. ಆರ್‌ಡಿ ಸರ್ವಿಸ್ ಬೆರಳಚ್ಚು ತೆಗೆದು, ಎನ್‌ಕ್ರಿಪ್ಟ್ ಮಾಡಿ, ಎಕ್ಸ್‌ಎಂಎಲ್ ರೂಪದಲ್ಲಿ ವಾಪಸ್ ಕೊಡುತ್ತದೆ. ಆಧಾರ್ ಪ್ರಾಧಿಕಾರ ಬೇಕಂತಲೇ ಹೀಗೆ ಮಾಡಿದೆ, ನಡುವಿನ ಆ್ಯಪ್‌ಗೆ ಹಸಿ ಬೆರಳಚ್ಚು ಸಿಗಬಾರದು ಅಂತ. 'ನಮ್ಮ ಆ್ಯಪ್‌ನಿಂದಲೇ ಸ್ಕ್ಯಾನರ್ ಓದಿಸಿ' ಅಂತ ಗ್ರಾಹಕರು ಪಟ್ಟು ಹಿಡಿದರೆ ಆಧಾರ್ ಕೆಲಸಕ್ಕೆ ಅದು ನಡೆಯುವುದಿಲ್ಲ.

ನೇರ ಡ್ರೈವರ್ ಮುಟ್ಟೋದು ನಿಜಕ್ಕೂ ಆಗುವ ಜಾಗ ಒಂದಿದೆ. ಒಳಗೇ ಪ್ರಿಂಟರ್ ಇರುವ ಆಂಡ್ರಾಯ್ಡ್ ಬಿಲ್ಲಿಂಗ್ ಮಷೀನುಗಳು, ಕಾರ್ಖಾನೆಗೆಂದು ಮಾಡಿದ ಬೋರ್ಡುಗಳು. ಅವುಗಳಲ್ಲಿ ಕೆಲವಕ್ಕೆ ತಯಾರಕರೇ ಸೀರಿಯಲ್ ಫೈಲನ್ನು ಆ್ಯಪ್‌ಗಳಿಗೆ ತೆರೆದಿಟ್ಟಿರುತ್ತಾರೆ. ಅಲ್ಲಿ ಹುಡುಗರು ಕೇಳಿದ ದಾರಿಯೇ ಸರಿ: ಜೆಎನ್‌ಐಯಲ್ಲಿ ಪುಟ್ಟ ಸಿ ಕೋಡ್, ಓಪನ್ ಮಾಡಿ, 'ಟರ್ಮಿಯೋಸ್' ಅನ್ನೋ ಸೀರಿಯಲ್ ಸೆಟ್ಟಿಂಗ್ ಬಳಸಿ ವೇಗ ಹಾಕಿ, ಬೈಟುಗಳನ್ನು ಬದಲಿಸದೆ ಕೊಡುವ 'ರಾ' ಮೋಡಿಗೆ ತಂದು ಓದೋದು. ಜಾವಾದಲ್ಲಿ ಸೀರಿಯಲ್ ವೇಗ ಹಾಕೋಕೆ ಸಾಮಾನ್ಯ ಆ್ಯಪ್‌ಗೆ ಎಪಿಐ ಇಲ್ಲ, ಅದಕ್ಕೇ ಸಿ ಬೇಕಾಗುತ್ತದೆ. ಬಾಗಿಲು ತೆರೆದವರು ತಯಾರಕರು, ಅದನ್ನು ಮರೆಯಬೇಡಿ. ಅದೇ ಆ್ಯಪ್ ಮಾಮೂಲಿ ಫೋನಿನಲ್ಲಿ ಓಡುವುದಿಲ್ಲ.

ಈ ಮಷೀನುಗಳ ಥರ್ಮಲ್ ಪ್ರಿಂಟರಿಗೆ ಕನ್ನಡ ಅಕ್ಷರ ಕಳಿಸಿದರೆ ಬಹಳ ಸಲ ಪ್ರಶ್ನಾರ್ಥಕ ಚಿಹ್ನೆಗಳೇ ಬರುತ್ತವೆ. ಒತ್ತಕ್ಷರ ಕೂಡಿಸೋದು ಅದಕ್ಕೆ ಗೊತ್ತಿಲ್ಲ. ಬಿಲ್ಲಿನ ಪಟ್ಟಿಯನ್ನು ಆ್ಯಪ್‌ನಲ್ಲೇ ಚಿತ್ರವಾಗಿ ಬಿಡಿಸಿ ಕಳಿಸಬೇಕು. 58 ಮಿಲಿಮೀಟರ್ ಪೇಪರಿನ ಪ್ರಿಂಟರಿಗೆ ಸಾಮಾನ್ಯವಾಗಿ ಅಗಲ 384 ಚುಕ್ಕಿ, ಒಂದು ಗೆರೆಗೆ 48 ಬೈಟು.

ಫ್ಲಟರ್‌ನಲ್ಲಿ (ಡಾರ್ಟ್ ಭಾಷೆಯಲ್ಲಿ ಆ್ಯಪ್ ಬರೆಯೋ ಟೂಲ್ ಕಿಟ್) ಬರೆಯುವವರಿಗೆ ಡಾರ್ಟ್ ಎಫ್‌ಎಫ್‌ಐ ಇದೆ, ಸಿ ಫಂಕ್ಷನ್ನನ್ನು ಜೆಎನ್‌ಐ ಇಲ್ಲದೆ ನೇರ ಕರೆಯಬಹುದು. ಯುಎಸ್‌ಬಿ ಅನುಮತಿ ಕೇಳೋಕೆ ಮಾತ್ರ ಪ್ಲಾಟ್‌ಫಾರ್ಮ್ ಚಾನೆಲ್ ಮೂಲಕ ಕೋಟ್ಲಿನ್‌ಗೆ ಇಳಿಯಲೇಬೇಕು. ಐಫೋನಿನಲ್ಲಿ ಸ್ವಿಫ್ಟ್‌ನಿಂದ ಸಿ ಕರೆಯೋದು ಇನ್ನೂ ಸುಲಭ. ಆದರೆ ಕಂಡ ಕಂಡ ಸೀರಿಯಲ್ ಕೇಬಲ್ ಜೋಡಿಸಿ ಓದೋ ಎಪಿಐ ಅಲ್ಲಿಲ್ಲ. ಆ್ಯಪಲ್‌ನ ಎಂಎಫ್‌ಐ ಒಪ್ಪಿಗೆ ಇರುವ ಸಾಧನ ಬೇಕು, ಇಲ್ಲವೇ ಬ್ಲೂಟೂತ್ ಎಲ್‌ಇ. 2022ರಿಂದ ಎಂ1 ಚಿಪ್ಪಿನ ಐಪ್ಯಾಡುಗಳಿಗೆ, ಡ್ರೈವರ್ ಬರೆಯೋಕೆ ಆಗುವ ಡ್ರೈವರ್‌ಕಿಟ್ ಬಂದಿದೆ, ಐಫೋನಿಗೆ ಅದಿಲ್ಲ. ಮಾರುಕಟ್ಟೆಯ ಕೆಲಸಕ್ಕೆ ಆಂಡ್ರಾಯ್ಡ್ ಟ್ಯಾಬ್ ಸಾಕು.

ಕೋಡಿಗೆ ಕೈ ಹಾಕುವ ಮೊದಲು ಪ್ಲೇ ಸ್ಟೋರಿನಿಂದ ಬಂದ ಬೈಟುಗಳನ್ನು ಹಾಗೇ ತೋರಿಸುವ ಯಾವುದಾದರೂ ಸೀರಿಯಲ್ ಟರ್ಮಿನಲ್ ಆ್ಯಪ್ ಇಳಿಸಿಕೊಂಡು ಮಷೀನಿಗೆ ಜೋಡಿಸಿ ನೋಡಿ. ಮಷೀನಿನ ಸೀಲ್ ಬಿಚ್ಚಬೇಡಿ, ಅದು ಕಾನೂನು ಮಾಪನ ಇಲಾಖೆಯ ಮುದ್ರೆ. ಪೋರ್ಟ್ ಹೊರಗೇ ಇರುವುದರಿಂದ ಬಿಚ್ಚುವ ಅಗತ್ಯವೂ ಇಲ್ಲ. ಟರ್ಮಿನಲ್ಲಿನಲ್ಲಿ ಅರ್ಥವಾಗದ ಅಕ್ಷರ ಸುರಿದರೆ ವೇಗ ತಪ್ಪಿದೆ, 2400, 4800, 9600 ಒಂದೊಂದಾಗಿ ಹಾಕಿ. ಏನೂ ಬರದಿದ್ದರೆ 2 ಮತ್ತು 3ನೇ ಪಿನ್ ಅದಲು ಬದಲು ಮಾಡಿದ ಕೇಬಲ್ ಹಾಕಿ ನೋಡಿ. ಆಗಲೂ ಇಲ್ಲ ಅಂದರೆ ಮಷೀನಿನ ಮೆನುವಿನಲ್ಲಿ ಅಂಕಿ ಕಳಿಸೋದು 'ನಿರಂತರ' ಇದೆಯಾ, 'ಪ್ರಿಂಟ್ ಒತ್ತಿದಾಗ ಮಾತ್ರ' ಇದೆಯಾ ಅಂತ ಮಾರಿದವರನ್ನು ಕೇಳಿ.